ಡಿಎಸ್‌ಎಲ್‌ಆರ್ ವಿಡಿಯೊಗೆ ಒಳ್ಳೆಯ ಧ್ವನಿ: ಮೈಕ್ ಇಡುವುದರಿಂದ ಎಡಿಟಿಂಗ್ ಮುಗಿಸುವವರೆಗೆ

ನಾನು ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರೀಕರಿಸಿದ ಮೊದಲ ಸಂದರ್ಶನ ಒಬ್ಬ ನಿವೃತ್ತ ಶಿಕ್ಷಕಿಯವರದು. ಕಿಟಕಿಯ ಬೆಳಕು ಅವರ ಮುಖದ ಮೇಲೆ ಓರೆಯಾಗಿ ಬಿದ್ದಿತ್ತು, ಹಿನ್ನೆಲೆ ಹದವಾಗಿ ಮಸುಕಾಗಿತ್ತು. ನಲವತ್ತು ನಿಮಿಷ ಮನಸ್ಸು ಬಿಚ್ಚಿ ಮಾತನಾಡಿದರು. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡಾಗ ಕೇಳಿಸಿದ್ದು ಬಾವಿಯೊಳಗಿಂದ ಬಂದಂಥ ದನಿ. ಅದರ ಮೇಲೆ ಲೆನ್ಸ್ ಫೋಕಸ್ ಹುಡುಕುವ ಗರಗರ, ಅವರು ಮಾತು ನಿಲ್ಲಿಸಿದಾಗಲೆಲ್ಲ ಏರಿ ಬರುವ ಸುಯ್ ಎನ್ನುವ ಸದ್ದು. ಚಿತ್ರ ತುಸು ಕತ್ತಲಾಗಿದ್ದರೆ ಎಡಿಟಿಂಗ್‌ನಲ್ಲಿ ಎತ್ತಬಹುದಿತ್ತು. ಕೆಟ್ಟ ಧ್ವನಿಗೆ ಅಂಥ ಮದ್ದಿಲ್ಲ. ಅವರ ಮುಂದೆ ಮತ್ತೆ ಕುಳಿತು ಅವೇ ಪ್ರಶ್ನೆಗಳನ್ನು ಕೇಳಿದೆ. ಉತ್ತರಗಳು ಬಂದವು, ಮೊದಲ ದಿನದ ಆ ಬಿಸಿ ಬರಲಿಲ್ಲ.

ಅಂದಿನಿಂದ ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಕ್ಯಾಮೆರಾ ಎಲ್ಲಿ ನಿಂತರೆ ಚಿತ್ರ ಚೆನ್ನಾಗಿ ಬರುತ್ತದೆಯೋ ಅಲ್ಲಿ ನಿಲ್ಲಲಿ. ಮೈಕ್ ಮಾತ್ರ ಮಾತನಾಡುವವರ ಬಾಯಿಯ ಹತ್ತಿರವೇ ಇರಬೇಕು. ಈ ಎರಡು ಜಾಗಗಳನ್ನು ಬೇರೆ ಬೇರೆ ಮಾಡುವುದು ಹೇಗೆ ಎಂಬುದೇ ಕೆಳಗಿನ ಎಲ್ಲ ಹಂತಗಳ ತಿರುಳು.

ಕ್ಯಾಮೆರಾದ ಒಳಗಿನ ಮೈಕ್ ಏಕೆ ಕೈಕೊಡುತ್ತದೆ

ಡಿಎಸ್‌ಎಲ್‌ಆರ್ ಸ್ಥಿರಚಿತ್ರಕ್ಕೆಂದು ಹುಟ್ಟಿದ ಯಂತ್ರ. ಅದಕ್ಕೆ ವಿಡಿಯೊ ಬಂದದ್ದು 2008ರಲ್ಲಿ; ಮೊದಲು ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2. ಈ ಎರಡನೆಯದು ಚಿತ್ರದ ಗುಣಮಟ್ಟದಿಂದ ಸಿನಿಮಾ ಮಂದಿಯ ಗಮನವನ್ನೂ ಸೆಳೆಯಿತು. ಆದರೆ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಸೌಲಭ್ಯವೇ ಅದರಲ್ಲಿ ಇರಲಿಲ್ಲ. 2010ರಲ್ಲಿ ಬಂದ ಹೊಸ ಫರ್ಮ್‌ವೇರ್ (ಕ್ಯಾಮೆರಾದ ಒಳ ತಂತ್ರಾಂಶ) ಆ ಕೊರತೆಯನ್ನು ತುಂಬಿತು. ಈ ಕ್ಯಾಮೆರಾಗಳಲ್ಲಿ ಧ್ವನಿ ಎಂಬುದು ಆಮೇಲೆ ಬಂದು ಸೇರಿಕೊಂಡ ಅಂಗ.

ಒಳಗಿನ ಮೈಕ್ ಇರುವುದು ಲೆನ್ಸ್‌ನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಹಾಗಾಗಿ ಆಟೊಫೋಕಸ್ ಮೋಟಾರ್, ಲೆನ್ಸ್‌ನ ನಡುಕ ತಡೆಯುವ ವ್ಯವಸ್ಥೆ, ಕ್ಯಾಮೆರಾ ದೇಹದ ಮೇಲೆ ಜರುಗುವ ನಿಮ್ಮ ಬೆರಳು, ಇವೆಲ್ಲ ಅದಕ್ಕೆ ಎದುರಿಗೆ ಕುಳಿತವರಿಗಿಂತ ಹತ್ತಿರ. ಮೈಕ್‌ನಿಂದ ಬಂದ ಸಣ್ಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ ಕೂಡ ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಧಾರಣ ದರ್ಜೆಯದು. ಗೇನ್, ಎಂದರೆ ಹಿಗ್ಗಿಸುವ ಪ್ರಮಾಣ, ಹೆಚ್ಚಿಸಿದಷ್ಟೂ ಸುಯ್ ಎನ್ನುವ ಸದ್ದು ಹೆಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಆಟೊ ಗೇನ್. ಮಾತು ನಡೆಯುವಾಗ ಕ್ಯಾಮೆರಾ ಗೇನ್ ಇಳಿಸುತ್ತದೆ, ಮಾತು ನಿಂತೊಡನೆ ‘ಸದ್ದು ಸಾಲದು’ ಎಂದು ತಿಳಿದು ಏರಿಸುತ್ತದೆ. ಪ್ರತಿ ವಿರಾಮದಲ್ಲೂ ಫ್ಯಾನು, ರಸ್ತೆ, ಪ್ರೀಆಂಪ್‌ನ ಸುಯ್ಗುಟ್ಟುವಿಕೆ ಉಬ್ಬಿ ಬರುತ್ತವೆ, ಮುಂದಿನ ಮಾತಿನ ಮೊದಲ ಅಕ್ಷರ ಸಿಡಿದಂತೆ ಕೇಳುತ್ತದೆ. ಈ ಏರಿಳಿತವನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಹಾಗೆಂದು ಒಳಗಿನ ಮೈಕನ್ನು ಆಫ್ ಮಾಡಬೇಡಿ. ಬೇರೆ ರೆಕಾರ್ಡರ್‌ನ ಧ್ವನಿಯನ್ನು ಚಿತ್ರಕ್ಕೆ ಜೋಡಿಸುವಾಗ ಅದು ಗುರುತಿನ ಟ್ರ್ಯಾಕ್ ಆಗಿ ನೆರವಿಗೆ ಬರುತ್ತದೆ.

ಹಂತ 1: ದೂರದ ಲೆಕ್ಕ ಹಾಕಿ

ಯಾವ ಮೈಕ್ ಕೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ದೂರದ ವಿಷಯ. ತೆರೆದ ಜಾಗದಲ್ಲಿ ಬಾಯಿಗೂ ಮೈಕ್‌ಗೂ ನಡುವಿನ ದೂರ ಇಮ್ಮಡಿಯಾದರೆ ಮಾತಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಅರ್ಧವಾದರೆ 6 ಡೆಸಿಬೆಲ್ ಏರುತ್ತದೆ. 2 ಮೀಟರ್ ದೂರದ ಕ್ಯಾಮೆರಾದ ಮೇಲಿರುವ ಮೈಕನ್ನು ತೆಗೆದು ಬಾಯಿಂದ 25 ಸೆಂಟಿಮೀಟರ್ ಹತ್ತಿರ ತಂದಿರಿ ಎನ್ನಿ. 2 ಮೀಟರ್ 1 ಆಯಿತು, 1 ಅರ್ಧವಾಯಿತು, ಅರ್ಧ ಕಾಲಾಯಿತು. ಮೂರು ಬಾರಿ ಅರ್ಧ ಮಾಡಿದ್ದಕ್ಕೆ ಸುಮಾರು 18 ಡೆಸಿಬೆಲ್ ಲಾಭ. ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಆದ್ದರಿಂದಲೇ ಹತ್ತಿರವಿರುವ ಅಗ್ಗದ ಮೈಕ್, ದೂರವಿರುವ ದುಬಾರಿ ಮೈಕನ್ನು ಸೋಲಿಸುತ್ತದೆ.

ಲೆನ್ಸ್‌ಗೆ ಜೂಮ್ ಇದೆ, ದೂರದ ಮುಖವನ್ನು ಎಳೆದು ಹತ್ತಿರ ತರುತ್ತದೆ. ಮೈಕ್‌ಗೆ ಅಂಥ ಶಕ್ತಿ ಇಲ್ಲ. ಉದ್ದನೆಯ ಶಾಟ್‌ಗನ್ ಮೈಕ್ ಕೂಡ ದೂರದ ಸದ್ದನ್ನು ಎಳೆದು ತರುವುದಿಲ್ಲ; ಪಕ್ಕದಿಂದ ಬರುವ ಸದ್ದನ್ನು ತಗ್ಗಿಸುತ್ತದೆ, ಅಷ್ಟೇ.

ಹಂತ 2: ಕೆಲಸಕ್ಕೆ ತಕ್ಕ ಮೈಕ್ ಆರಿಸಿ

ಕುಳಿತು ಅಥವಾ ನಿಂತು ಮಾತನಾಡುವವರನ್ನು ಚಿತ್ರೀಕರಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ ಮೊದಲು ಅಂಗಿಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ಕೊಳ್ಳಿ. ಇದು ನನ್ನ ಖಚಿತ ಸಲಹೆ. ಕ್ಯಾಮೆರಾದ ತಲೆಯ ಮೇಲೆ ಕೂರುವ ಶಾಟ್‌ಗನ್ ನೋಡಲು ಗಂಭೀರವಾಗಿ ಕಾಣುತ್ತದೆ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಕೊಳ್ಳುತ್ತಾರೆ. ಆದರೆ ಅದು ಕ್ಯಾಮೆರಾ ಇದ್ದಲ್ಲೇ ಇರುವುದರಿಂದ ದೂರದ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಒಂದು ಮೀಟರ್‌ನೊಳಗೆ ನಿಂತು ಓಡಾಡುತ್ತ ಚಿತ್ರೀಕರಿಸುವವರಿಗೆ, ಸುತ್ತಲ ವಾತಾವರಣದ ಸದ್ದು ಬೇಕಾದವರಿಗೆ ಮಾತ್ರ ಅದು ಸರಿಯಾದ ಆಯ್ಕೆ.

ಅದೇ ಶಾಟ್‌ಗನ್‌ ಅನ್ನು ಕೋಲಿಗೆ ಕಟ್ಟಿ, ಚೌಕಟ್ಟಿನ ಮೇಲಂಚಿನ ಆಚೆಯಿಂದ ಬಾಯಿಯ ಕಡೆಗೆ ಇಳಿಬಿಟ್ಟರೆ ಅದರ ಬಣ್ಣವೇ ಬದಲಾಗುತ್ತದೆ. ಕಥಾಚಿತ್ರಗಳಲ್ಲಿ ಇಂಥ ಕೋಲು, ಎಂದರೆ ಬೂಮ್, ಹಿಡಿಯುವುದು ಈ ಕಾರಣಕ್ಕೆ. ಮೇಲಿನಿಂದ ಬಂದ ಮೈಕ್ ನೆಲದ ಕಡೆ ಮುಖ ಮಾಡಿರುತ್ತದೆ, ಹಿಂದಿನ ಗೋಡೆಯ ಸದ್ದು ಅದಕ್ಕೆ ಕಡಿಮೆ. ಬಟ್ಟೆಯ ಸರಸರವೂ ಇಲ್ಲ. ಕೋಲು ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ ಲೈಟ್ ಸ್ಟ್ಯಾಂಡ್‌ಗೆ ಬಿಗಿದು, ಅದರ ಬುಡಕ್ಕೆ ಮರಳಿನ ಚೀಲ ಇಡಿ. ಒಂದು ಎಚ್ಚರಿಕೆ: ಬೋಳು ಗೋಡೆಗಳ ಸಣ್ಣ ಕೋಣೆಯಲ್ಲಿ ಉದ್ದನೆಯ ಶಾಟ್‌ಗನ್ ಕೊಳವೆಯ ಪಕ್ಕದ ಸೀಳುಗಳಿಂದ ಪ್ರತಿಧ್ವನಿ ಒಳನುಗ್ಗಿ, ದನಿ ಟೊಳ್ಳಾಗಿ ಕೇಳಬಹುದು. ಅಂಥಲ್ಲಿ ಸೂಪರ್‌ಕಾರ್ಡಿಯಾಯ್ಡ್ ಅಥವಾ ಹೈಪರ್‌ಕಾರ್ಡಿಯಾಯ್ಡ್ ಮಾದರಿಯ, ಎಂದರೆ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ, ಗಿಡ್ಡ ಮೈಕ್ ಮೇಲು.

ಗದ್ದಲದ ಜಾಗದಲ್ಲಿ ಜನರ ಅಭಿಪ್ರಾಯ ಕೇಳುವಾಗ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕ್ ಸಾಕು. ಅದು ಚಿತ್ರದಲ್ಲಿ ಕಾಣುತ್ತದೆ, ಕಾಣಲಿ.

ಹಂತ 3: ಮೈಕನ್ನು ಯಾವುದಕ್ಕೆ ಜೋಡಿಸಬೇಕು

ಮೊದಲು ಕ್ಯಾಮೆರಾದ ಎಡಬದಿಯ ರಬ್ಬರ್ ಮುಚ್ಚಳ ತೆರೆದು 3.5 ಮಿಲಿಮೀಟರ್ ಮೈಕ್ ಜ್ಯಾಕ್ ಇದೆಯೇ ನೋಡಿ. ನಿಕಾನ್ ಡಿ3500, ಕ್ಯಾನನ್ 1300ಡಿಯಂಥ ಆರಂಭಿಕ ಮಾದರಿಗಳಲ್ಲಿ ಅದು ಇಲ್ಲ. ಅವನ್ನು ಬಳಸುವವರಿಗೆ ಪ್ರತ್ಯೇಕ ರೆಕಾರ್ಡರ್ ಒಂದೇ ದಾರಿ. ಹೆಡ್‌ಫೋನ್ ಜ್ಯಾಕ್ ಇನ್ನೂ ಅಪರೂಪ: ಕ್ಯಾನನ್ 70ಡಿಯಲ್ಲಿ ಇಲ್ಲ, 80ಡಿಯಲ್ಲಿ ಇದೆ.

ಜ್ಯಾಕ್ ಇದ್ದರೆ ಪಿನ್ ಗಮನಿಸಿ. ಲೋಹದ ಪಿನ್ನಿನ ಮೇಲೆ ಎರಡು ಕಪ್ಪು ಗೆರೆಗಳಿದ್ದರೆ ಅದು ಟಿಆರ್‌ಎಸ್, ಕ್ಯಾಮೆರಾಕ್ಕೆ ಹೊಂದುತ್ತದೆ. ಮೂರು ಗೆರೆಗಳಿದ್ದರೆ ಟಿಆರ್‌ಆರ್‌ಎಸ್. ಅದು ಮೊಬೈಲ್‌ಗೆಂದು ಮಾಡಿದ್ದು, ಕ್ಯಾಮೆರಾಕ್ಕೆ ಸಿಕ್ಕಿಸಲು ಅಡಾಪ್ಟರ್ ಬೇಕು. ‘ಮೈಕ್ ಹೊಸದು, ಆದರೂ ಸದ್ದೇ ಬರುತ್ತಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ಗೆರೆಯ ವ್ಯತ್ಯಾಸಕ್ಕೆ ಸೇರಿದವು. ಇನ್ನು, ಕ್ಯಾಮೆರಾದ ಜ್ಯಾಕ್ ಕಾಲರ್ ಮೈಕ್‌ಗೆ ಸಾಕಾಗುವ ಕೆಲವು ವೋಲ್ಟ್ ಮಾತ್ರ ಕೊಡುತ್ತದೆ. ದಪ್ಪ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬಳಸುವ ಸ್ಟುಡಿಯೊ ದರ್ಜೆಯ ಕಂಡೆನ್ಸರ್ ಮೈಕ್‌ಗಳು ಕೇಳುವ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಬರುವ ವಿದ್ಯುತ್) ಅಲ್ಲಿ ಸಿಗುವುದಿಲ್ಲ.

ಪ್ರತ್ಯೇಕ ರೆಕಾರ್ಡರ್ ಬಳಸುವುದೇ ನನ್ನ ಇಷ್ಟದ ಪದ್ಧತಿ. ಜೂಮ್ ಎಚ್1, ಟ್ಯಾಸ್ಕಾಮ್ ಡಿಆರ್-05ರಂಥ ಸಣ್ಣವು ಕಾಲರ್ ಮೈಕ್‌ಗೆ ಸಾಕು. ಜೂಮ್ ಎಚ್4ಎನ್, ಎಚ್6ರಂಥವು ಎಕ್ಸ್‌ಎಲ್‌ಆರ್ ಮೈಕ್‌ಗಳನ್ನೂ ಫ್ಯಾಂಟಮ್ ಪವರನ್ನೂ ನಿಭಾಯಿಸುತ್ತವೆ. ಇವು ಡಿಎಸ್‌ಎಲ್‌ಆರ್‌ಗಿಂತ ಶುಚಿಯಾದ ಧ್ವನಿ ಕೊಡುತ್ತವೆ. ಇನ್ನೊಂದು ಅನುಕೂಲವೂ ಇದೆ. ಅನೇಕ ಡಿಎಸ್‌ಎಲ್‌ಆರ್‌ಗಳು ಒಂದೇ ಶಾಟ್‌ ಅನ್ನು 29 ನಿಮಿಷ 59 ಸೆಕೆಂಡಿಗೆ ನಿಲ್ಲಿಸಿಬಿಡುತ್ತವೆ, ಹಳೆಯವು ಅದಕ್ಕೂ ಮುಂಚೆ. ರೆಕಾರ್ಡರ್‌ಗೆ ಆ ಮಿತಿ ಇಲ್ಲದ್ದರಿಂದ ಚಿತ್ರ ಕಡಿದುಹೋದರೂ ಮಾತು ಕಡಿಯುವುದಿಲ್ಲ.

ರೆಕಾರ್ಡರ್ ಕೊಳ್ಳಲು ಆಗದಿದ್ದರೆ ಮೊಬೈಲ್ ಇದ್ದೇ ಇದೆ. ಟಿಆರ್‌ಆರ್‌ಎಸ್ ಕಾಲರ್ ಮೈಕನ್ನು ಮೊಬೈಲ್‌ಗೆ ಸಿಕ್ಕಿಸಿ, ಜ್ಯಾಕ್ ಇಲ್ಲದ ಮೊಬೈಲ್‌ಗೆ ಅಡಾಪ್ಟರ್ ಮೂಲಕ ಜೋಡಿಸಿ, ಸಂಕುಚಿಸದ ವೇವ್ ಫೈಲ್ ಉಳಿಸುವ ಆ್ಯಪ್ ತೆರೆದು, ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮಾತನಾಡುವವರ ಜೇಬಿನಲ್ಲಿಡಿ. ಕ್ಯಾಮೆರಾದ ಒಳಗಿನ ಮೈಕ್‌ಗಿಂತ ಅದೆಷ್ಟೋ ಪಾಲು ಮೇಲಾದ ಧ್ವನಿ ಸಿಗುತ್ತದೆ. ಏರ್‌ಪ್ಲೇನ್ ಮೋಡ್ ಮರೆಯಬೇಡಿ; ಕರೆ ಬಂದು ರೆಕಾರ್ಡಿಂಗ್ ನಿಲ್ಲಬಹುದು, ಅದಲ್ಲದೆ ಮೊಬೈಲ್ ಸಂಕೇತಗಳು ಕೇಬಲ್‌ನಲ್ಲಿ ‘ಟಿಟಿಟ್ ಟಿಟಿಟ್’ ಎಂದು ನುಸುಳಬಹುದು.

ವೈರ್‌ಲೆಸ್ ಸೆಟ್ ಬಗ್ಗೆ ಎರಡು ಮಾತು. ನಡೆದಾಡುವವರಿಗೆ ಅದು ಬೇಕೇ ಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಚಿಕ್ಕ ಸೆಟ್‌ಗಳ ಸಂಕೇತವನ್ನು ಮನುಷ್ಯರ ದೇಹ ತಡೆಯುತ್ತದೆ, ಹಾಗಾಗಿ ಟ್ರಾನ್ಸ್‌ಮಿಟರ್ ಕ್ಯಾಮೆರಾ ಕಡೆಗೆ ಮುಖ ಮಾಡಿರಲಿ. ಅವರು ಬೆನ್ನು ತಿರುಗಿಸಿದಾಗ ಧ್ವನಿ ತುಂಡಾಗುತ್ತದೆಯೇ ಎಂದು ಶೂಟಿಂಗ್‌ಗೆ ಮೊದಲೇ ನಡೆಸಿ ನೋಡಿ. ಎಲ್ಲರೂ ಕುಳಿತೇ ಇರುತ್ತಾರೆಂದಾದರೆ ತಂತಿಯನ್ನೇ ನಂಬಿ.

ಹಂತ 4: ಕೋಣೆಯನ್ನು ಕಿವಿಯಿಂದ ನೋಡಿ

ಜಾಗ ನೋಡಲು ಹೋದಾಗ ನಾವೆಲ್ಲ ಬೆಳಕು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತೇವೆ. ಅದರ ಜೊತೆಗೆ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಠಣ್’ ಎಂದು ಬಾಲ ಎಳೆದರೆ ಆ ಕೋಣೆ ಮಾತನ್ನು ಕಲಸುತ್ತದೆ. ಸೋಫಾ, ಪರದೆ, ಹಾಸಿಗೆ, ತುಂಬಿದ ಪುಸ್ತಕದ ಕಪಾಟು ಇರುವ ಕೋಣೆಯಲ್ಲಿ ಚಪ್ಪಾಳೆ ‘ಟಪ್’ ಎಂದು ಸತ್ತುಹೋಗುತ್ತದೆ, ಅಂಥದನ್ನೇ ಆರಿಸಿ. ಬೇರೆ ಜಾಗ ಸಿಗದಿದ್ದರೆ ದಪ್ಪ ಕಂಬಳಿ, ರಜಾಯಿಗಳನ್ನು ಚೌಕಟ್ಟಿನ ಹೊರಗೆ ನೇತುಹಾಕಿ. ಮೊದಲ ಕಂಬಳಿ ಮಾತನಾಡುವವರು ಮುಖ ಮಾಡಿರುವ ಕಡೆಗೆ, ಎಂದರೆ ಕ್ಯಾಮೆರಾದ ಹಿಂದೆ. ಎರಡನೆಯದು ಅವರ ಕಾಲ ಬಳಿ ನೆಲದ ಮೇಲೆ. ಅವರನ್ನು ಗೋಡೆಗೆ ಅಂಟಿಸಿಯಾಗಲಿ ಮೂಲೆಯಲ್ಲಾಗಲಿ ಕೂರಿಸಬೇಡಿ. ಗೋಡೆಯಿಂದ ಮುಂದೆ ಬಂದರೆ ಚಿತ್ರಕ್ಕೂ ಆಳ ಬರುತ್ತದೆ.

ಆಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ. ನಮ್ಮ ಮಿದುಳು ಬಹಳ ಜಾಣತನದಿಂದ ಅಡಗಿಸಿಡುವ ಸದ್ದುಗಳೆಲ್ಲ ಆಗ ಒಂದೊಂದಾಗಿ ಹೊರಬರುತ್ತವೆ: ಫ್ಯಾನು, ಎಸಿ, ಗೋಡೆ ಗಡಿಯಾರ, ಟ್ಯೂಬ್‌ಲೈಟಿನ ಚೋಕ್, ಪಕ್ಕದ ಕೋಣೆಯ ಫ್ರಿಜ್. ಮೈಕ್ ಅವನ್ನು ಅಡಗಿಸುವುದಿಲ್ಲ. ಆಫ್ ಮಾಡಬಹುದಾದವನ್ನೆಲ್ಲ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದಾಗ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಅದನ್ನು ಮತ್ತೆ ಆನ್ ಮಾಡದೆ ನೀವು ಆ ಮನೆ ಬಿಟ್ಟು ಹೊರಡಲಾರಿರಿ.

ಹಂತ 5: ಕಾಲರ್ ಮೈಕ್ ಹಾಕುವ ಬಗೆ

ಹೆಚ್ಚಿನವರು ಇದಕ್ಕೆ ಹತ್ತು ಸೆಕೆಂಡು ಕೊಡುತ್ತಾರೆ. ಐದು ನಿಮಿಷ ಕೊಡಿ. ಮೊದಲು ಅವರಿಗೆ ಏನು ಮಾಡುತ್ತೀರೆಂದು ಹೇಳಿ ಒಪ್ಪಿಗೆ ಪಡೆಯಿರಿ. ಬಟ್ಟೆಯೊಳಗೆ ತಂತಿ ಹಾಯಿಸುವ ಕೆಲಸವನ್ನು ಅವರಿಗೇ ಬಿಡಿ.

ಮೈಕ್‌ನ ಜಾಗ ಎದೆಯ ನಡುವೆ, ಗಲ್ಲದಿಂದ ಸುಮಾರು ಒಂದು ಗೇಣು ಕೆಳಗೆ. ಗಲ್ಲಕ್ಕೆ ತೀರ ಹತ್ತಿರವಾದರೆ ದನಿ ಗಂಟಲೊಳಗೇ ಉಳಿದಂತೆ ಮಂಕಾಗುತ್ತದೆ. ತಲೆ ತಿರುಗಿಸಿದಾಗ ಮಟ್ಟವೂ ಏರುಪೇರಾಗುತ್ತದೆ. ಅವರು ಒಂದೇ ಕಡೆಗೆ ತಿರುಗಿ ಮಾತನಾಡುವವರಾದರೆ ಮೈಕನ್ನೂ ಆ ಕಡೆಗೆ ತುಸು ಸರಿಸಿ. ಕುತ್ತಿಗೆಯ ಸರ, ಗುರುತಿನ ಚೀಟಿಯ ದಾರ, ಸಡಿಲ ಗುಂಡಿ, ಉದ್ದ ಕೂದಲು, ಇವುಗಳಲ್ಲಿ ಯಾವುದು ಮೈಕ್‌ಗೆ ತಾಗುತ್ತದೆ ನೋಡಿ. ಚಿತ್ರೀಕರಣ ಶುರುಮಾಡುವ ಮೊದಲು ಅವರಿಗೆ ಎರಡು ಬಾರಿ ಮುಂದೆ ಬಾಗಿ ಹಿಂದೆ ಒರಗಲು ಹೇಳಿದರೆ ತಿಳಿದುಬಿಡುತ್ತದೆ.

ಮೈಕ್ ಕಾಣಬಾರದು ಎಂದಿದ್ದರೆ ಬಟ್ಟೆಗೂ ಮೈಕ್‌ಗೂ ನಡುವೆ ಉಜ್ಜಾಟ ನಡೆಯದಂತೆ ನೋಡಿಕೊಳ್ಳಬೇಕು. ಬಟ್ಟೆಗೆ ಅಂಟುವ ಟೇಪ್‌ನ ಒಂದು ತುಂಡನ್ನು, ಅಂಟು ಹೊರಗಿರುವಂತೆ, ತ್ರಿಕೋನವಾಗಿ ಮಡಚಿ. ಇಂಥ ಎರಡು ತ್ರಿಕೋನಗಳ ನಡುವೆ ಮೈಕನ್ನು ಸ್ಯಾಂಡ್‌ವಿಚ್‌ನಂತೆ ಇರಿಸಿ. ಮೈಕ್‌ನ ತುದಿ ಮಾತ್ರ ಹೊರಗಿರಲಿ. ಒಂದು ಮೈ ಚರ್ಮಕ್ಕೆ ಅಥವಾ ಒಳ ಅಂಗಿಗೆ, ಇನ್ನೊಂದು ಮೈ ಹೊರ ಅಂಗಿಗೆ ಅಂಟುತ್ತದೆ. ಮೂರೂ ಒಟ್ಟಿಗೇ ಜರುಗುವುದರಿಂದ ಸರಸರ ಎನ್ನುವುದಿಲ್ಲ. ಅಲ್ಲಿಂದ ಎರಡು ಬೆರಳು ಕೆಳಗೆ ತಂತಿಯನ್ನು ಒಂದು ಸಣ್ಣ ಸುತ್ತು ಹಾಕಿ ಟೇಪ್‌ನಿಂದ ಹಿಡಿಸಿ. ಯಾರಾದರೂ ತಂತಿ ಎಳೆದರೆ ಆ ಎಳೆತ ಸುತ್ತಿನಲ್ಲೇ ಕರಗುತ್ತದೆ, ಮೈಕ್‌ಗೆ ತಲುಪುವುದಿಲ್ಲ. ಬಟ್ಟೆ ಹತ್ತಿಯದಾದರೆ ಕೆಲಸ ಸುಲಭ. ರೇಷ್ಮೆ, ನೈಲಾನ್ ಬಟ್ಟೆಗಳು ಉಸಿರಾಡಿದರೂ ಸದ್ದು ಮಾಡುತ್ತವೆ; ಅಲ್ಲಿ ಮೈಕನ್ನು ಹೊರಗೇ ಸಿಕ್ಕಿಸುವುದು ಮೇಲು. ಕಾಣುವ ಮೈಕ್ ಪ್ರೇಕ್ಷಕರಿಗೆ ಒಂದು ಕ್ಷಣದಲ್ಲಿ ಮರೆತುಹೋಗುತ್ತದೆ, ಸರಸರ ಮರೆಯುವುದಿಲ್ಲ.

ಇಬ್ಬರು ಮಾತನಾಡುವಾಗ ಇಬ್ಬರಿಗೂ ಒಂದೊಂದು ಮೈಕ್, ಒಂದೊಂದು ಬೇರೆ ಟ್ರ್ಯಾಕ್. ಒಂದು ಮೈಕ್ ತನ್ನವರ ಬಾಯಿಂದ ಎಷ್ಟು ದೂರವಿದೆಯೋ ಅದರ ಕನಿಷ್ಠ ಮೂರು ಪಟ್ಟು ದೂರದಲ್ಲಿ ಇನ್ನೊಂದು ಮೈಕ್ ಇರಲಿ. ಇಲ್ಲವಾದರೆ ಒಂದೇ ಮಾತು ಎರಡರಲ್ಲೂ ಬಿದ್ದು, ಕೂಡಿಸಿದಾಗ ಡಬ್ಬದೊಳಗಿನ ದನಿಯಂತಾಗುತ್ತದೆ.

ಹಂತ 6: ಮಟ್ಟ ಹೊಂದಿಸಿ

ಕ್ಯಾಮೆರಾದ ಮೆನುವಿನಲ್ಲಿ ಧ್ವನಿ ರೆಕಾರ್ಡಿಂಗನ್ನು ಆಟೊದಿಂದ ಮ್ಯಾನುಯಲ್‌ಗೆ ಬದಲಿಸಿ. ರೆಕಾರ್ಡರ್‌ನಲ್ಲೂ ಆಟೊ ಲೆವೆಲ್ ಆಫ್ ಮಾಡಿ. ಫೈಲ್ ಮಾದರಿ ವೇವ್, 48 ಕಿಲೊಹರ್ಟ್ಸ್, 24 ಬಿಟ್. ವಿಡಿಯೊದ ಧ್ವನಿಗೆ 48 ಕಿಲೊಹರ್ಟ್ಸ್ ರೂಢಿಯ ದರ, ಸಂಗೀತದ ಸಿ.ಡಿ.ಯ 44.1 ಇಲ್ಲಿಗೆ ಬೇಡ.

ಮೀಟರ್‌ನಲ್ಲಿ 0 ಎಂಬುದು ಗೋಡೆ. ಡಿಜಿಟಲ್ ಧ್ವನಿ ಅದಕ್ಕೆ ಬಡಿದರೆ ಒಡೆಯುತ್ತದೆ, ಒಡೆದದ್ದನ್ನು ಪೂರ್ತಿ ಕೂಡಿಸಲು ಬರುವುದಿಲ್ಲ. ಸಾಮಾನ್ಯ ಮಾತು ಮೈನಸ್ 20ರಿಂದ ಮೈನಸ್ 12 ಡೆಸಿಬೆಲ್‌ನ ನಡುವೆ ಆಡಲಿ, ಜೋರಾದ ಪದಗಳೂ ಮೈನಸ್ 6 ದಾಟದಿರಲಿ. ಮಟ್ಟ ನೋಡುವಾಗ ‘ಮೈಕ್ ಟೆಸ್ಟಿಂಗ್, ಒಂದು ಎರಡು ಮೂರು’ ಎಂದು ಹೇಳಿಸಬೇಡಿ. ಯಾರೂ ಹಾಗೆ ಮಾತನಾಡುವುದಿಲ್ಲ. ಇಲ್ಲಿಗೆ ಹೇಗೆ ಬಂದಿರಿ, ದಾರಿ ಹೇಗಿತ್ತು ಎಂದು ಮಾತಿಗೆಳೆಯಿರಿ, ಒಮ್ಮೆ ನಗಿಸಿ. ನಗು ಮೀಟರನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆಂಬುದು ಆಗ ಗೊತ್ತಾಗುತ್ತದೆ. ಕ್ಯಾಮೆರಾ ಓಡತೊಡಗಿದ ಮೇಲೆ ಬಹಳಷ್ಟು ಜನ ದನಿ ಎತ್ತುತ್ತಾರೆ, ಅದಕ್ಕೂ ತುಸು ಜಾಗ ಬಿಟ್ಟಿರಿ. ಕೆಲವು ರೆಕಾರ್ಡರ್‌ಗಳಲ್ಲಿ ಅದೇ ಧ್ವನಿಯನ್ನು ತಗ್ಗಿದ ಮಟ್ಟದಲ್ಲಿ ಇನ್ನೊಂದು ಪ್ರತಿಯಾಗಿ ಉಳಿಸುವ ಆಯ್ಕೆ ಇರುತ್ತದೆ. ಇದ್ದರೆ ಖಂಡಿತ ಆನ್ ಮಾಡಿ. 2019ರಲ್ಲಿ ಬಂದ ಜೂಮ್ ಎಫ್6ರಂತೆ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುವ ರೆಕಾರ್ಡರ್‌ಗಳಲ್ಲಿ 0 ದಾಟಿದ ಧ್ವನಿಯನ್ನೂ ಆಮೇಲೆ ಇಳಿಸಿ ಸರಿಪಡಿಸಿಕೊಳ್ಳಬಹುದು. ಆದರೆ ಮೈಕ್‌ನಲ್ಲೇ ಒಡೆದದ್ದನ್ನು ಅದೂ ಉಳಿಸದು.

ಮೈಕನ್ನು ನೇರ ಕ್ಯಾಮೆರಾಕ್ಕೇ ಜೋಡಿಸಿದ್ದರೆ ಒಂದು ಉಪಾಯವಿದೆ. ರೋಡ್ ವಿಡಿಯೊಮೈಕ್ ಪ್ರೊದಂಥ ಮೈಕ್‌ಗಳ ಹಿಂಬದಿಯಲ್ಲಿ ಪ್ಲಸ್ 20 ಡೆಸಿಬೆಲ್ ಎಂಬ ಸ್ವಿಚ್ ಇದೆ. ಅದನ್ನು ಹಾಕಿ, ಕ್ಯಾಮೆರಾದ ಗೇನನ್ನು ಕನಿಷ್ಠದ ಹತ್ತಿರಕ್ಕೆ ಇಳಿಸಿ. ಹಿಗ್ಗಿಸುವ ಕೆಲಸ ಮೈಕ್‌ನ ಶುಚಿಯಾದ ಸರ್ಕಿಟ್‌ಗೆ ಹೋಗುತ್ತದೆ, ಕ್ಯಾಮೆರಾದ ಪ್ರೀಆಂಪ್ ಸುಮ್ಮನಿರುತ್ತದೆ. ಸುಯ್ಗುಟ್ಟುವಿಕೆ ಎದ್ದು ಕಾಣುವಷ್ಟು ತಗ್ಗುತ್ತದೆ. ರೆಕಾರ್ಡರ್‌ನ ಹೊರಜ್ಯಾಕ್‌ನಿಂದ ಕ್ಯಾಮೆರಾಕ್ಕೆ ತಂತಿ ಎಳೆಯುವವರು ಮಾತ್ರ ಜಾಗರೂಕರಾಗಿರಬೇಕು. ಲೈನ್ ಮಟ್ಟದ ಸಂಕೇತ ಮೈಕ್ ಜ್ಯಾಕ್‌ಗೆ ವಿಪರೀತ ಜೋರು, ನಡುವೆ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಕೇಬಲ್ ಹಾಕಿ.

ಹಂತ 7: ಶೂಟಿಂಗ್ ನಡೆಯುವಾಗ

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ, ಶೂಟಿಂಗ್ ಮುಗಿಯುವವರೆಗೆ ತೆಗೆಯಬೇಡಿ. ಮೀಟರ್ ಮಟ್ಟ ತೋರಿಸುತ್ತದೆ, ಸದ್ದು ಯಾವುದರದ್ದೆಂದು ಹೇಳುವುದಿಲ್ಲ. ಅಂಗಿಯ ಸರಸರವೂ ಮಾತೂ ಮೀಟರ್‌ಗೆ ಒಂದೇ.

ರೆಕಾರ್ಡರ್ ಮೊದಲು ಆನ್, ಆಮೇಲೆ ಕ್ಯಾಮೆರಾ. ರೆಕಾರ್ಡರ್‌ನಲ್ಲಿ ಸೆಕೆಂಡುಗಳ ಅಂಕಿ ಓಡುತ್ತಿದೆಯೇ ಎಂದು ಕಣ್ಣಾರೆ ನೋಡಿ. ಕೆಲವು ರೆಕಾರ್ಡರ್‌ಗಳಲ್ಲಿ ಗುಂಡಿಯನ್ನು ಎರಡು ಬಾರಿ ಒತ್ತಬೇಕು, ಮೊದಲ ಒತ್ತಿಗೆ ಕೆಂಪು ದೀಪ ಮಿನುಗುತ್ತದೆ, ಅಷ್ಟೇ. ಎರಡೂ ಓಡುತ್ತಿರುವಾಗ ‘ಸಂದರ್ಶನ ಎರಡು, ಶಾಟ್ ಮೂರು’ ಎಂದು ಬಾಯಲ್ಲಿ ಹೇಳಿ, ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಕ್ಯಾಮೆರಾ ನಿಂತು ಮತ್ತೆ ಶುರುವಾದಾಗಲೆಲ್ಲ ಚಪ್ಪಾಳೆಯೂ ಮತ್ತೆ ಬೇಕು.

ವಿಮಾನವೋ ಹಾರ್ನೋ ಮಾತಿನ ಮೇಲೆ ಬಿದ್ದರೆ ಕೈ ಎತ್ತಿ ನಿಲ್ಲಿಸಿ, ಆ ವಾಕ್ಯವನ್ನು ಮೊದಲಿನಿಂದ ಹೇಳಲು ವಿನಂತಿಸಿ. ಹಿರಿಯರನ್ನು ನಡುವೆ ತಡೆಯಲು ಮುಜುಗರವಾಗುವುದು ಸಹಜ. ಆದರೆ ಅವರ ಮಾತು ಸ್ಪಷ್ಟವಾಗಿ ಉಳಿಯಲಿ ಎಂದೇ ತಡೆಯುತ್ತಿದ್ದೇವೆಂದು ಮೊದಲೇ ಹೇಳಿಟ್ಟರೆ ಯಾರೂ ಬೇಸರಪಡುವುದಿಲ್ಲ.

ಮಾತು ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಸುಮ್ಮನೆ ಕುಳಿತು, ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಒಂದು ಕೆಮ್ಮನ್ನು ಕತ್ತರಿಸಿದಾಗ ಅಲ್ಲಿ ಖಾಲಿ ಬಿಟ್ಟರೆ ಕಿವಿಗೆ ಗುಂಡಿ ಬಿದ್ದಂತೆ ತಟ್ಟುತ್ತದೆ. ಆ ಗುಂಡಿಗೆ ತುಂಬುವ ಮಣ್ಣು ಅದೇ ಕೋಣೆಯ ಮೌನವೇ ಆಗಿರಬೇಕು.

ಹೊರಾಂಗಣದಲ್ಲಿ ಗಾಳಿ

ಮೈಕ್ ಜೊತೆ ಬರುವ ಸ್ಪಂಜಿನ ಟೊಪ್ಪಿಗೆ ಉಸಿರಿನ ಬಡಿತಕ್ಕೆ ಮತ್ತು ‘ಪ’, ‘ಭ’ಗಳ ಸಿಡಿತಕ್ಕೆ ಸಾಕು, ಬಯಲಿನ ಗಾಳಿಗೆ ಸಾಲದು. ಅದಕ್ಕೆ ಕೃತಕ ತುಪ್ಪಳದ ಹೊದಿಕೆ ಬೇಕು. ಅದರ ಎಳೆಗಳು ಗಾಳಿಯ ರಭಸವನ್ನು ಮೈಕ್ ಮುಟ್ಟುವ ಮೊದಲೇ ಒಡೆದುಹಾಕುತ್ತವೆ. ಮೈಕ್‌ನಲ್ಲಿ 80 ಹರ್ಟ್ಸ್ ಆಸುಪಾಸಿನ ಲೋ ಕಟ್ (ತಗ್ಗು ಗುಂಯ್‌ಗುಡುವ ಸದ್ದನ್ನು ಕಡಿಯುವ) ಸ್ವಿಚ್ ಇದ್ದರೆ ಆನ್ ಮಾಡಿ, ಮಾತನಾಡುವವರ ಬೆನ್ನಿಗೆ ಗಾಳಿ ಬರುವಂತೆ ನಿಲ್ಲಿಸಿ. ಗಾಳಿಯ ಬಡಿತದಿಂದ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿ ತಿದ್ದಲಾರದು.

ಹಂತ 8: ಜೋಡಣೆ ಮತ್ತು ಶುಚಿ

ಕಂಪ್ಯೂಟರ್‌ಗೆ ಫೈಲ್ ಹಾಕಿದ ಕೂಡಲೇ ಚಿತ್ರದ ಮತ್ತು ಧ್ವನಿಯ ಫೈಲ್‌ಗಳಿಗೆ ಹೊಂದುವ ಹೆಸರಿಡಿ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ ಮೂರೂ ಧ್ವನಿಯ ಅಲೆಗಳನ್ನು ಹೋಲಿಸಿ ತಾವೇ ಜೋಡಿಸುತ್ತವೆ. ಅವು ತಡಕಾಡಿದರೆ ನಿಮ್ಮ ಚಪ್ಪಾಳೆ ಇದೆ. ಟೈಮ್‌ಲೈನ್‌ ಅನ್ನು ಹಿಗ್ಗಿಸಿ ನೋಡಿ: ಅಂಗೈಗಳು ಕೂಡಿದ ಫ್ರೇಮ್ ಒಂದು ಕಡೆ, ಅಲೆಯಲ್ಲಿ ಈಟಿಯಂತೆ ಎದ್ದು ನಿಂತ ಗೆರೆ ಇನ್ನೊಂದು ಕಡೆ. ಎರಡನ್ನೂ ಒಂದೇ ನೇರಕ್ಕೆ ತನ್ನಿ, ಆಮೇಲೆ ಕ್ಯಾಮೆರಾದ ಧ್ವನಿಯನ್ನು ಮ್ಯೂಟ್ ಮಾಡಿ.

ದೊಡ್ಡ ಸಭಾಂಗಣದಲ್ಲಿ ಒಂದು ಸೂಕ್ಷ್ಮವಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 20 ಮೀಟರ್ ದೂರದ ಕ್ಯಾಮೆರಾಕ್ಕೆ ಮಾತು ತಲುಪುವುದು 58 ಮಿಲಿಸೆಕೆಂಡ್ ತಡವಾಗಿ, ಬೆಳಕಿಗೆ ಆ ತಡವಿಲ್ಲ. ಸಾಫ್ಟ್‌ವೇರ್ ಕಾಲರ್ ಮೈಕ್‌ನ ಧ್ವನಿಯನ್ನು ಈ ತಡವಾದ ಧ್ವನಿಗೆ ಹೊಂದಿಸುವುದರಿಂದ ತುಟಿಗೂ ಮಾತಿಗೂ ಅಂತರ ಉಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಧ್ವನಿಯನ್ನು ಒಂದರಿಂದ ಒಂದೂವರೆ ಫ್ರೇಮ್ ಮುಂಚಿತವಾಗಿ ಸರಿಸಿ ತುಟಿಗಳನ್ನು ನೋಡಿ ನಿರ್ಧರಿಸಿ. ದೀರ್ಘ ರೆಕಾರ್ಡಿಂಗ್‌ನಲ್ಲಿ ಕ್ಯಾಮೆರಾದ ಮತ್ತು ರೆಕಾರ್ಡರ್‌ನ ಒಳಗಡಿಯಾರಗಳು ಮೆಲ್ಲನೆ ಬೇರೆಯಾಗುತ್ತವೆ. ಎರಡರ ನಡುವೆ ಹತ್ತು ಲಕ್ಷದಲ್ಲಿ 10 ಭಾಗದಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡ್ ಆಯಿತು. ಕೊನೆಯಲ್ಲೂ ಒಂದು ಚಪ್ಪಾಳೆ ತಟ್ಟಿದ್ದರೆ ಇದು ಕೂಡಲೇ ತಿಳಿಯುತ್ತದೆ. ಮೌನದ ಜಾಗದಲ್ಲಿ ಟ್ರ್ಯಾಕ್ ಕತ್ತರಿಸಿ ತುಸು ಸರಿಸಿದರೆ ಸಾಕು.

ಶುಚಿಯ ಕ್ರಮ ಹೀಗಿರಲಿ. ಮೊದಲು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರ್‌ನಿಂದ ತೆಗೆಯಿರಿ. ಆಮೇಲೆ ಅಗತ್ಯವಿದ್ದರೆ ಮಾತ್ರ ನಾಯ್ಸ್ ರಿಡಕ್ಷನ್, ಅದೂ ಹಿತಮಿತವಾಗಿ. ಅತಿಯಾದರೆ ದನಿ ನೀರಿನಡಿಯಿಂದ ಬಂದಂತೆ ಆಗುತ್ತದೆ. ಹಿನ್ನೆಲೆಯಲ್ಲಿ ತುಸು ಸದ್ದು ಉಳಿದರೆ ಉಳಿಯಲಿ. ನಂತರ 3:1ರಷ್ಟು ಮೃದುವಾದ ಕಂಪ್ರೆಷನ್ (ಜೋರು ಮಾತನ್ನು ತಗ್ಗಿಸಿ ಮೆಲು ಮಾತಿನೊಂದಿಗಿನ ಅಂತರ ಕಡಿಮೆ ಮಾಡುವುದು), ಕೊನೆಗೆ ಒಟ್ಟು ಜೋರು. ಯುಟ್ಯೂಬ್‌ಗಾದರೆ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಸುತ್ತಮುತ್ತ ಇಡಿ. ಯುರೋಪಿನ ಪ್ರಸಾರ ಮಾನದಂಡವಾದ ಇಬಿಯು ಆರ್128 ಕೇಳುವುದು ಮೈನಸ್ 23. ಹಿನ್ನೆಲೆ ಸಂಗೀತ ಹಾಕುವುದಿದ್ದರೆ ನಿಮಗೆ ಸರಿ ಎನಿಸಿದ್ದಕ್ಕಿಂತ ಇನ್ನೂ ಒಂದಿಷ್ಟು ಇಳಿಸಿ. ಆ ಮಾತುಗಳನ್ನು ನೀವು ಹತ್ತಾರು ಬಾರಿ ಕೇಳಿದ್ದೀರಿ, ಬಾಯಿಪಾಠವಾಗಿವೆ. ನೋಡುವವರು ಮೊದಲ ಬಾರಿ ಕೇಳುತ್ತಾರೆ.

ಎಲ್ಲ ಮುಗಿದ ಮೇಲೆ ಪರದೆ ಆರಿಸಿ ಬರೀ ಧ್ವನಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಕೇಳಿ, ಒಮ್ಮೆ ಹೆಡ್‌ಫೋನ್‌ನಲ್ಲಿ, ಒಮ್ಮೆ ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ. ಪಕ್ಕದಲ್ಲಿ ಕಾಗದ, ಪೆನ್ನು ಇರಲಿ. ಯಾವ ಪದ ಕೇಳಿಸಲಿಲ್ಲವೋ, ಎಲ್ಲಿ ಕಿವಿ ಎಡವಿತೋ ಆ ನಿಮಿಷ, ಸೆಕೆಂಡು ಬರೆದುಕೊಳ್ಳಿ, ಮತ್ತೆ ಟೈಮ್‌ಲೈನ್‌ಗೆ ಹೋಗಿ.